ಬುಕ್ಕಸಾಗರವೂ ಕಡಲಕರೆಯ ಚಿತ್ರಗಾರರೂ



ಹೊಸಪೇಟೆಯಿಂದ ಕಮಲಾಪುರದ ಮೇಲೆ ಕಂಪ್ಲಿಗೆ ಹೋಗುವ ದಾರಿಯಲ್ಲಿ ಬುಕ್ಕಸಾಗರವೆಂಬ ಗ್ರಾಮವೊಂದುಂಟು. ತುಂಗಭದ್ರೆಯ ದಕ್ಷಿಣ ದಂಡೆಯ ಸೀಮೆ ಅದು. ಸುತ್ತಲೂ ಬತ್ತದ ಗದ್ದೆ, ಕಬ್ಬು, ಬಾಳೆಯ ತೋಟ. ಅವುಗಳಾಚೆಗೆ, ಯಾರೋ ಆಟಕ್ಕೆ ಒಟ್ಟಿ ಮರೆತುಹೋದಂತೆ ಕಾಣುವ ಬಂಡೆಗಳ ಗುಡ್ಡಗಳು. ಕಳೆದ ಶ್ರಾವಣದಲ್ಲಿ ನಾವು ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹಂಪೆಯನ್ನು ನೋಡಿ, ಸಂಜೆಯ ಹೊತ್ತಿಗೆ ಈ ಊರಿನ ಬಳಿಗೆ ಬಂದೆವು. ನಾಟಿಯ ಕಾಲವಾದುದರಿಂದ ಗದ್ದೆಗಳಲ್ಲೆಲ್ಲ ನೀರು ನಿಂತಿತ್ತು.

ನಮ್ಮೊಡನೆ ಬಂದವರಲ್ಲಿ ಉಡುಪಿಯ ಕಡೆಯ ಹುಡುಗನೊಬ್ಬನಿದ್ದ. ಹಾದಿಯ ಬದಿಯ ಹಲಗೆಯಲ್ಲಿ ಊರಿನ ಹೆಸರನ್ನು ಓದಿದವನೇ, “ಸಾರ್, ಹೆಸರಿನಲ್ಲಿ ಸಾಗರವಿದೆ, ಸಾಗರವೆಲ್ಲಿ?” ಎಂದು ಕೇಳಿದ. ನಾವು ಉತ್ತರ ಹೇಳುವ ಮೊದಲೇ, ಬದುವಿನ ಮೇಲೆ ನಿಂತಿದ್ದ ವೃದ್ಧ ರೈತರೊಬ್ಬರು ಕಾಲುವೆಯತ್ತ ಕೈಮಾಡಿ, “ಅಲ್ಲಿ ಹರಿಯಾಕ ಹತ್ತೈತಲ್ಲಪಾ, ನಮಗ ಅದಾ ಸಾಗರ” ಎಂದರು. ಹುಡುಗರೆಲ್ಲ ನಕ್ಕರು. ನಗೆ ಅಲ್ಲಿಗೆ ನಿಂತಿದ್ದರೆ ಈ ಸಂಜೆ ಈ ವಿಷಯವನ್ನು ಕುರಿತು ಮಾತನಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಆ ಹುಡುಗನ ಚೀಲದಲ್ಲಿ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಚಿತ್ರಗಳ ಪುಸ್ತಕವೊಂದಿತ್ತು. ಅದನ್ನು ತೆರೆದು ಅವನು ತನ್ನ ಒಡನಾಡಿಗಳಿಗೆ, “ಬೆಳಗ್ಗೆ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿಯಲ್ಲಿ ಅಷ್ಟೊಂದು ಚಿತ್ರಗಳನ್ನು ನೋಡಿದೆವಲ್ಲ, ಒಂದರಲ್ಲಾದರೂ ಆಕಾಶವುಂಟೆ? ಕಡಲುಂಟೆ? ಆ ಕಾಲದವರಿಗೆ ಅವು ಕಾಣಲೇ ಇಲ್ಲ. ಕಂಡದ್ದು ಇವರಿಗೆ” ಎಂದ. ಕಂಪ್ಲಿಯ ಕಡೆಯ ಮತ್ತೊಬ್ಬ ಹುಡುಗನಿಗೆ ಇದು ಸಹನೆಯಾಗಲಿಲ್ಲ. “ಅದೆಲ್ಲ ಪ್ಯಾರಿಸ್ಸಿನಲ್ಲಿ ಕಲಿತು ಬಂದದ್ದು. ನಮ್ಮದೆಂದು ಹೇಳಬೇಕಾದರೆ ಆ ಛಾವಣಿಯನ್ನೇ ಹೇಳಬೇಕು” ಎಂದು ಅವನು ಪ್ರತಿಹೇಳಿದ. ಇಬ್ಬರೂ ತೀರ್ಪಿಗಾಗಿ ನಮ್ಮ ಮುಖವನ್ನು ನೋಡಿದರು.

ಒಡನೆಯೇ ಉತ್ತರ ಕೊಡಲು ನಮ್ಮಿಂದಾಗಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅದಕ್ಕೆ ಕಾರಣ ನಾಚಿಕೆಯದು. ನಮ್ಮ ಪೂರ್ವಿಕ ಚಿತ್ರಗಾರರಿಗೆ ನಿಸರ್ಗದ ಮೇಲೆ ದೃಷ್ಟಿಯಿರಲಿಲ್ಲ, ಅದು ಇಂಗ್ಲಿಷರ ಸಂಪರ್ಕದಿಂದ ಬಂದ ಹೊಸ ಕಣ್ಣು ಎಂದು ಹಲವು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದವರು ನಾವೇ. ಇಂಗ್ಲಿಷ್ ಪುಸ್ತಕಗಳಿಂದ ಕಲಿತ ಮಾತು. ಪರೀಕ್ಷಿಸಿ ನೋಡಿದ ಮಾತಲ್ಲ. ಆ ಸಂಜೆಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈಚೆಗೆ ನಾವು ಯೋಚಿಸಿದ್ದನ್ನು ತಮ್ಮ ಮುಂದಿಡುವುದೇ ಇಂದಿನ ಉದ್ದೇಶ.

ಮೊದಲು ಸಾಗರವೆಂಬ ಹೆಸರನ್ನೇ ವಿಚಾರಿಸೋಣ. ಬುಕ್ಕರಾಯನ ಹೆಸರನ್ನು ಹೊತ್ತ ಈ ಊರಿನಂತೆಯೇ ಕಂಪ್ಲಿಯ ಬಳಿ ರಾಮಸಾಗರವೆಂಬ ಇನ್ನೊಂದು ಊರಿದೆ. ದೊಡ್ಡ ಕೆರೆಯನ್ನು ಸಮುದ್ರವೆಂದೂ ಸಾಗರವೆಂದೂ ಕರೆಯುವುದು ಕನ್ನಡ ನಾಡಿನಲ್ಲಿ ಪುರಾತನವಾದ ವಾಡಿಕೆ. ಮಳೆ ಕಡಮೆಯಾದ ಸೀಮೆಯಲ್ಲಿ ನೀರು ಕಟ್ಟಿನಿಲ್ಲಿಸಿದವನಿಗೆ ಅದು ಸಾಗರವೇ ಸರಿ. ಕೃಷ್ಣದೇವರಾಯನ ಕಾಲದಲ್ಲಿ ರಾಜಧಾನಿಯ ಬಳಿ ಕೆರೆಯೊಂದನ್ನು ಕಟ್ಟುತ್ತಿದ್ದಾಗ ಹದಿನೈದರಿಂದ ಇಪ್ಪತ್ತು ಸಾವಿರ ಮಂದಿ ಇರುವೆಗಳಂತೆ ದುಡಿಯುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬರೆದಿಟ್ಟಿದ್ದಾನೆ. ಇದೇ ವಾಡಿಕೆ ನಮ್ಮ ಕಾಲದವರೆಗೂ ನಡೆದುಬಂದಿದೆ. ಮೈಸೂರಿನವರು ಕಾವೇರಿಗೆ ಕಟ್ಟಿದ ಕಟ್ಟೆ ಕೃಷ್ಣರಾಜಸಾಗರವಾಯಿತು. ೧೯೫೩ರಲ್ಲಿ ಹೊಸಪೇಟೆಯ ಬಳಿ ಪೂರ್ಣವಾದ ತುಂಗಭದ್ರಾ ಜಲಾಶಯಕ್ಕೆ ಪಂಪಾಸಾಗರವೆಂಬ ಹೆಸರೂ ಉಂಟು.

ಇನ್ನು ನಿಜವಾದ ಕಡಲಿನ ಮಾತು. ಹಂಪೆಯಿಂದ ಪಡುವಣ ಕಡಲು ಹತ್ತಿರವೆಂದರೂ ಇನ್ನೂರು ಕಿಲೋಮೀಟರಿಗೆ ಮೀರಿದ ದೂರ, ನಡುವೆ ಘಟ್ಟ. ಆದರೂ ವಿಜಯನಗರದ ಮೊದಲ ಅರಸರು ತಮ್ಮ ಶಾಸನಗಳಲ್ಲಿ ಧರಿಸಿದ ಬಿರುದುಗಳಲ್ಲಿ ಪೂರ್ವಪಶ್ಚಿಮ ಸಮುದ್ರಾಧೀಶ್ವರನೆಂಬುದು ಮುಖ್ಯವಾದುದು. ಇದು ಬರಿಯ ಬಾಯಿಮಾತಲ್ಲ. ಬಾರಕೂರು, ಮಂಗಳೂರುಗಳಲ್ಲಿ ಅವರ ಅಧಿಕಾರಿಗಳಿದ್ದರು. ಹೊನ್ನಾವರ, ಭಟಕಳ ಮುಂತಾದ ರೇವುಗಳಿಂದ ಅರಬ್ಬೀ ಕುದುರೆಗಳು ಘಟ್ಟವನ್ನು ಹತ್ತಿ ರಾಜಧಾನಿಗೆ ಬರುತ್ತಿದ್ದುವು. ೧೪೪೩ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಬಂದದ್ದೂ ಕಡಲಿನಿಂದ ಮಂಗಳೂರಿಗೆ ಇಳಿದೇ. ಮಹಾನವಮಿ ದಿಬ್ಬದ ಗೋಡೆಯ ಕಲ್ಲುಗಳಲ್ಲಿ ಕುದುರೆಗಳನ್ನು ನಡೆಯಿಸಿಕೊಂಡು ಬರುವ ಪರದೇಶಿ ವ್ಯಾಪಾರಿಗಳನ್ನು ಇಂದಿಗೂ ಕಾಣಬಹುದು. ಅರಮನೆಯ ಒಂದು ಕೋಣೆಯಲ್ಲಿ ಇಲ್ಲಿಗೆ ಬಂದುಹೋದ ನಾನಾ ದೇಶದವರ, ಪೋರ್ಚುಗೀಸರ ಸಹ, ಬಾಳಿನ ರೀತಿಗಳನ್ನು ಅಂತಃಪುರದ ಸ್ತ್ರೀಯರು ತಿಳಿಯಲೆಂದು ಚಿತ್ರಿಸಿದ್ದರೆಂದೂ ಪೇಸ್ ಹೇಳುತ್ತಾನೆ. ಕುದುರೆಯನ್ನೂ ಸವಾರನನ್ನೂ ಪರದೇಶಿಯ ಉಡುಪನ್ನೂ ಇಷ್ಟು ಆಸಕ್ತಿಯಿಂದ ಕಂಡವರು, ಅವರೆಲ್ಲರೂ ದಾಟಿಬಂದ ಕಡಲನ್ನು ಮಾತ್ರ ಅದಕ್ಕಾಗಿಯೇ ಒಂದು ಚಿತ್ರವಾಗಿ ಬರೆಯಲಿಲ್ಲ. ಏಕೆ?

ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದನೆಂದು ಅಲ್ಲಿಯ ೧೫೧೦ರ ಶಾಸನದಿಂದ ತಿಳಿದುಬರುತ್ತದೆ. ಅದರ ಮೇಲ್ಛಾವಣಿಯ ಚಿತ್ರಗಳು ಅದೇ ಕಾಲದವೆಂದು ಕೆಲವರು, ಬಹಳ ಈಚಿನವೆಂದು ಕೆಲವರು ವಾದಿಸುತ್ತಾರೆ. ಆ ವಾದ ಹಾಗಿರಲಿ. ಚಿತ್ರಗಳ ಪದ್ಧತಿಯೇನೋ ಹಳೆಯದೇ. ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ, ಗಿರಿಜಾಕಲ್ಯಾಣ, ಶಿವನ ಮೇಲೆ ಬಾಣ ಹೂಡಿದ ಮನ್ಮಥ, ತ್ರಿಪುರಸಂಹಾರ, ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನ, ದಶಾವತಾರಗಳು, ದಿಕ್ಪಾಲಕರು: ಇವು ಅಲ್ಲಿಯ ವಸ್ತುಗಳು. ಆಕೃತಿಗಳ ಹಿಂದೆ ಇರುವುದು ಸಮತಲವಾದ ಒಂದೇ ಬಣ್ಣದ ನೆಲ. ಅಲ್ಲಿ ದೂರವೆಂಬುದಿಲ್ಲ, ಮೋಡವಿಲ್ಲ, ದಿಗಂತದ ರೇಖೆಯಿಲ್ಲ. ಅಚ್ಯುತರಾಯನ ಕಾಲದ ಲೇಪಾಕ್ಷಿಯಲ್ಲೂ ಇದೇ ಕ್ರಮ.

ಇದಕ್ಕೆ ಕಾರಣಗಳನ್ನು ಹುಡುಕುವಾಗ ಕಣ್ಣಿನ ಕೊರತೆಗೆ ಹೋಗುವ ಮೊದಲು ಬಣ್ಣದ ಬಟ್ಟಲನ್ನು ನೋಡಬೇಕು. ಸುಣ್ಣದ ಗಾರೆಯ ಮೇಲೆ ಬರೆಯುವವನಿಗೆ ಸುಲಭವಾಗಿ ದೊರೆಯುತ್ತಿದ್ದವು ಕೆಮ್ಮಣ್ಣು, ಹಳದಿ ಮಣ್ಣು, ಸುಣ್ಣದ ಬಿಳುಪು, ದೀಪದ ಕಾಡಿಗೆಯ ಕಪ್ಪು, ಹಸುರು ಕಲ್ಲಿನ ಪುಡಿ. ಅಜಂತೆಯವರು ಬಳಸಿದ ರಾಜಾವರ್ತವೆಂಬ ನೀಲಿ ಕಲ್ಲು ಬದಕ್‌ಶಾನದ ಗಣಿಗಳಿಂದ ಬರಬೇಕಾಗಿತ್ತು. ಅದನ್ನು ಒಂದು ಒಡವೆಗೋ ಒಂದು ಸೆರಗಿಗೋ ಬಳಿಯಬಹುದು, ಛಾವಣಿಯ ತುಂಬ ಆಕಾಶವಾಗಿ ಬಳಿಯುವುದು ಹೇಗೆ? ಕಡಲಕರೆಯಲ್ಲೂ ಈ ಮಾತು ಸಲ್ಲುತ್ತದೆಂಬುದು ನಮ್ಮ ಉಡುಪಿಯ ಹುಡುಗನಿಗೆ ಆಶ್ಚರ್ಯವನ್ನುಂಟುಮಾಡಿತು. ಅವನ ಊರಿನ ಸುತ್ತ ಇಂದಿಗೂ ನಡೆಯುವ ನಾಗಮಂಡಲದಲ್ಲಿ ನೆಲದ ಮೇಲೆ ಬರೆಯುವ ಮಹಾಸರ್ಪಕ್ಕೆ ಐದು ಬಣ್ಣಗಳು: ಬಿಳುಪು, ಅರಿಸಿನದ ಹಳದಿ, ಅರಿಸಿನಕ್ಕೆ ಸುಣ್ಣ ಬೆರೆತ ಕೆಂಪು, ಎಲೆಯ ಹಸುರು, ಉಮಿಯನ್ನು ಸುಟ್ಟ ಕಪ್ಪು. ಕಡಲಿನ ಮೊರೆತ ಕೇಳುವಷ್ಟು ಹತ್ತಿರದಲ್ಲಿ ಕುಳಿತು ಬರೆಯುವವನ ಐದು ಬಟ್ಟಲುಗಳಲ್ಲಿಯೂ ನೀಲಿಯಿಲ್ಲ. ಅವನು ಕಡಲನ್ನು ಕಾಣಲಿಲ್ಲವೆಂದು ಯಾರು ಹೇಳಿಯಾರು?

ಎರಡನೆಯ ಕಾರಣ ಬೆಳಕು. ಛಾವಣಿಯ ಚಿತ್ರವನ್ನು ಜನ ನೋಡುತ್ತಿದ್ದುದು ದೀಪದ ಬೆಳಕಿನಲ್ಲಿ, ಇಲ್ಲವೆ ಕಂಬಗಳ ನಡುವಣಿಂದ ಬಂದ ಮಬ್ಬು ಬೆಳಕಿನಲ್ಲಿ. ಅಲ್ಲಿ ಗೆಲ್ಲುವುದು ಬಲವಾದ ಅಂಚಿನ ರೇಖೆ ಮತ್ತು ಅಚ್ಚ ಬಣ್ಣ. ಮೋಡದ ಅಂಚಿನ ಸೂಕ್ಷ್ಮವಾದ ಛಾಯೆಯಲ್ಲ.

ಮೂರನೆಯದು ಇವೆರಡಕ್ಕಿಂತ ದೊಡ್ಡದು. ಆ ಚಿತ್ರಗಾರನು ಆಕಾಶವನ್ನು ಬಿಟ್ಟವನೇ ಅಲ್ಲವೆಂದು ನಮಗೆ ಈಗ ತೋರುತ್ತದೆ. ಅವನ ಚಿತ್ರವಿರುವ ಸ್ಥಳವನ್ನು ನೋಡಿರಿ: ಅದು ತಲೆಯ ಮೇಲಿದೆ. ನೋಡಬೇಕಾದರೆ, ಆಕಾಶವನ್ನು ನೋಡುವವನಂತೆ ಕತ್ತನ್ನು ಮೇಲಕ್ಕೆತ್ತಬೇಕು. ದಿಕ್ಪಾಲಕರು ತಮ್ಮ ತಮ್ಮ ವಾಹನಗಳ ಮೇಲೆ ಅಲ್ಲಿ ಕುಳಿತಿರುವುದರಿಂದ ಆ ಛಾವಣಿಯೇ ಅಷ್ಟದಿಕ್ಕುಗಳ ಗಗನವಾಗುತ್ತದೆ. ಅವರ ವ್ಯವಸ್ಥೆಯಲ್ಲಿ ಪಶ್ಚಿಮ ದಿಕ್ಕು ಯಾರದು? ಮಕರವಾಹನನಾದ ವರುಣನದು; ಎಂದರೆ ಸಮುದ್ರರಾಜನದು. ಪೂರ್ವಾಭಿಮುಖನಾದ ವಿರೂಪಾಕ್ಷನ ಎದುರಿಗೆ ನಿಂತು ಕೈಮುಗಿದವನು ಪಶ್ಚಿಮಕ್ಕೆ ಮುಖಮಾಡಿರುತ್ತಾನೆ. ಕರ್ಣಾಟಕದ ಕಡಲು ಇರುವುದೂ ಆ ದಿಕ್ಕಿನಲ್ಲಿಯೇ. ಹೀಗೆ ಕಡಲು ಅಲ್ಲಿ ಬಣ್ಣದಿಂದ ಇಲ್ಲದಿದ್ದರೂ ಸ್ಥಾನದಿಂದ ಇದೆ, ದೇವತೆಯಾಗಿ ಇದೆ. ಹೊಸಪೇಟೆಯ ಅಂಚಿನ ಅನಂತಶಯನಗುಡಿಯನ್ನು ನೋಡಿದವರಿಗೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕೃಷ್ಣದೇವರಾಯನು ೧೫೨೪ರಲ್ಲಿ ಕ್ಷೀರಸಾಗರಶಾಯಿಯಾದ ವಿಷ್ಣುವಿಗಾಗಿ ಕಟ್ಟಿಸಿದ ದೇವಾಲಯವದು. ಇಂದು ಗರ್ಭಗುಡಿಯಲ್ಲಿ ಮೂರ್ತಿಯಿಲ್ಲ. ಮಲಗಿದ ದೇವರಿಗೆಂದು ಉದ್ದವಾಗಿ ಕಟ್ಟಿದ ಆ ಬರಿದಾದ ಗುಡಿಯಲ್ಲಿ ನಿಂತರೆ, ನೀರಿನ ಹನಿಯೂ ಇಲ್ಲದೆ ಒಂದು ಸಾಗರಕ್ಕೆ ಜಾಗ ಬಿಟ್ಟಿದ್ದಾರೆಂಬುದು ಅರಿವಾಗುತ್ತದೆ.

ಇದೇ ಕಾಲದ ಕವಿಗಳ ಪಾಡು ಬೇರೆಯಾಗಿತ್ತು. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳು ಇರಬೇಕೆಂಬ ನಿಯಮದಲ್ಲಿ ಸಮುದ್ರವೂ ಸೂರ್ಯಚಂದ್ರೋದಯಗಳೂ ಸೇರಿದ್ದುವು. ಆದುದರಿಂದ ಒಳನಾಡಿನ ಕವಿಯೂ ಕಡಲನ್ನು ವರ್ಣಿಸಲೇಬೇಕಾಯಿತು. ಮಾತಿಗೆ ನೀಲಿಯ ಬಡತನವಿಲ್ಲ. ಚಿತ್ರಗಾರನಿಗೆ ಆ ಬಡತನ ನೀಗಬೇಕಾದರೆ ಹೊರಗಣ ಪ್ರಪಂಚದಲ್ಲಿ ಕೆಲವು ಸಂಗತಿಗಳು ನಡೆಯಬೇಕಾಗಿತ್ತು.

ಚೀನದಲ್ಲಿ ಮಾ ಯುವಾನ್ ಎಂಬ ಚಿತ್ರಗಾರನು ಬಹು ಹಿಂದೆಯೇ, ದಕ್ಷಿಣ ಸುಂಗ್ ಅರಸರ ಕಾಲದಲ್ಲಿ, ನೀರೊಂದನ್ನೇ ಹನ್ನೆರಡು ಬಗೆಯಾಗಿ ರೇಖೆಯಿಂದ ಬರೆದಿದ್ದನು. ಯೂರೋಪಿನಲ್ಲಿ ಹದಿನೇಳನೆಯ ಶತಮಾನದ ಡಚ್ಚರು, ಹಡಗಿನಿಂದ ಬದುಕುತ್ತಿದ್ದವರಾದುದರಿಂದ, ದಿಗಂತವನ್ನು ಕೆಳಕ್ಕೆ ಇಳಿಸಿ ಹಲಗೆಯ ಬಹುಭಾಗವನ್ನು ಆಕಾಶಕ್ಕೆ ಬಿಟ್ಟುಕೊಟ್ಟರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ಆಕಸ್ಮಿಕವಾಗಿ ತಯಾರಾದ ಪ್ರಷ್ಯನ್ ನೀಲಿ ಎಂಬ ಬಣ್ಣ ಅಗ್ಗವಾಗಿ ಲೋಕವನ್ನೆಲ್ಲ ಸುತ್ತಿತು. ಸುಮಾರು ೧೮೩೧ರಲ್ಲಿ ಜಪಾನಿನ ಹೊಕುಸಾಯ್ ತನ್ನ ಹೆಸರಾದ ಮಹಾತರಂಗಕ್ಕೆ ಹಚ್ಚಿದ್ದೂ ಅದನ್ನೇ. ೧೮೦೩ರಲ್ಲಿ ಲ್ಯೂಕ್ ಹೊವಾರ್ಡ್ ಎಂಬ ಇಂಗ್ಲಿಷ್ ಔಷಧ ವ್ಯಾಪಾರಿ ಮೋಡಗಳಿಗೆ ಜಾತಿವಾರು ಹೆಸರಿಟ್ಟು ಪ್ರಕಟಿಸಿದನು. ೧೮೨೧–೨೨ರಲ್ಲಿ ಕಾನ್ಸ್‌ಟಬಲ್ ಲಂಡನ್ನಿನ ಬಳಿಯ ಬಯಲಿನಲ್ಲಿ ಕುಳಿತು ಬರಿಯ ಮೋಡಗಳ ಚಿತ್ರಗಳನ್ನು ಒಂದಾದ ಮೇಲೊಂದು ಬರೆದನು. ೧೮೪೧ರಲ್ಲಿ ತವರದ ಕೊಳವೆಯಲ್ಲಿ ಬಣ್ಣ ತುಂಬುವ ಉಪಾಯ ಹೊರಟ ಮೇಲೆ ಚಿತ್ರಗಾರನು ಬಣ್ಣವನ್ನು ಜೇಬಿನಲ್ಲಿಟ್ಟುಕೊಂಡು ಕಡಲಿನ ದಡಕ್ಕೆ ಹೋಗುವುದು ಸುಲಭವಾಯಿತು. ನೋಡಿರಿ, ಅಲ್ಲಿಯೂ ಹೊಸ ಕಣ್ಣು ಒಮ್ಮೆಗೆ ತೆರೆಯಲಿಲ್ಲ. ಬಣ್ಣ, ಕೊಳವೆ, ವ್ಯಾಪಾರ, ವಿಜ್ಞಾನ ಎಲ್ಲವೂ ಸೇರಿ ಅದನ್ನು ತೆರೆಯಿಸಿದುವು.

ಹಂಪೆಗೆ ಯಂತ್ರದ ಕಣ್ಣು ಬಂದದ್ದು ೧೮೫೬ರಲ್ಲಿ. ಕಂಪೆನಿಯ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬುವನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಈ ಪಾಳುನಗರವನ್ನು ಹಿಡಿದನು. ಕಲ್ಲಿನ ರಥದ ಒಂದೊಂದು ಗೆರೆಯೂ ಬರುವಂತಿದ್ದ ಆ ಕಾಗದಕ್ಕೆ ಆಕಾಶ ಮಾತ್ರ ಒಲಿಯುವಂತಿರಲಿಲ್ಲ. ಆ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕೆಂದರೆ ಅತಿಯಾದ ಹಸಿವು. ಕಲ್ಲು ಮೂಡುವಷ್ಟರಲ್ಲಿ ಆಕಾಶ ಬೆಂದು ಬಿಳಿಯ ಹಾಳೆಯಾಗುತ್ತಿತ್ತು. ಅದೇ ಕಾಲಕ್ಕೆ ಫ್ರಾನ್ಸಿನಲ್ಲಿ ಗುಸ್ತಾವ್ ಲ ಗ್ರೇ ಎಂಬ ಛಾಯಾಗ್ರಾಹಕನು ಇದೇ ತೊಂದರೆಯನ್ನು ಕಂಡು, ಕಡಲಿಗೊಂದು ಆಕಾಶಕ್ಕೊಂದು ಎಂದು ಬೇರೆ ಬೇರೆ ನೆಗೆಟಿವ್‌ಗಳನ್ನು ತೆಗೆದು ಒಂದೇ ಕಾಗದದ ಮೇಲೆ ಕೂಡಿಸತೊಡಗಿದನು. ಯಂತ್ರವೂ ಕಡಲು ಬಾನುಗಳನ್ನು ಒಂದೇ ನೋಟಕ್ಕೆ ಹಿಡಿಯಲಾರದೆ ಹೆಣಗಿತು. ಹಾಗಿರುವಾಗ ಕೆಮ್ಮಣ್ಣಿನ ಬಟ್ಟಲನ್ನು ಹಿಡಿದ ನಮ್ಮ ಛಾವಣಿಯ ಚಿತ್ರಗಾರನನ್ನು ಕುರುಡನೆನ್ನುವುದು ನ್ಯಾಯವಲ್ಲ.

ನಮ್ಮ ಸಂಸ್ಥಾನದಲ್ಲಿ ಆಕಾಶವನ್ನು ಅದಕ್ಕಾಗಿಯೇ ಬರೆದ ಮಹನೀಯರು ಕೆ. ವೆಂಕಟಪ್ಪನವರು. ಮೈಸೂರಿನ ಚಿತ್ರಗಾರರ ವಂಶದಲ್ಲಿ ೧೮೮೬ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಊಟಿ ಕೊಡೈಕಾನಲ್‌ಗಳ ಗುಡ್ಡದ ಮೇಲೆ ಮಂಜು ಇಳಿಯುವುದನ್ನೂ ಹರಿಯುವುದನ್ನೂ ಅವರು ಜಲವರ್ಣಗಳಲ್ಲಿ ಬರೆದರು. ೧೯೬೫ರಲ್ಲಿ ಅವರು ತೀರಿಕೊಂಡರು. ಆದರೆ ವೆಂಕಟಪ್ಪನವರ ಆಕಾಶ ಗುಡ್ಡದ ಆಕಾಶ. ಕಡಲಿನ ಆಕಾಶಕ್ಕೆ ಕಡಲಕರೆಯವರೇ ಬರಬೇಕಾಯಿತು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದರು. ಬಡತನದ ಮನೆ, ಆದರೆ ಸುತ್ತಲೂ ಯಕ್ಷಗಾನದ ವೇಷ, ಭೂತದ ಕೋಲ, ನಾಗಮಂಡಲಗಳ ಸಿರಿತನ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ೧೯೩೮ರಲ್ಲಿ ಡಿಪ್ಲೊಮಾ ಪಡೆದು, ಅಲ್ಲಿಯೇ ಕೆಲವು ವರ್ಷ ಅಧ್ಯಾಪಕರಾಗಿದ್ದರು. ೧೯೪೯–೫೦ರಲ್ಲಿ ಪ್ಯಾರಿಸ್ಸಿನ ಜೂಲಿಯನ್ ಅಕಾಡೆಮಿಯಲ್ಲಿ ಅಭ್ಯಾಸಮಾಡಿದರು. ೧೯೬೧ರಲ್ಲಿ ಪದ್ಮಶ್ರೀ, ೧೯೮೯ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಬಂದುವು. ೧೯೯೬ರಲ್ಲಿ ಮುಂಬಯಿಯಲ್ಲಿ ಅವರು ನಿಧನರಾದಾಗ ನಾವು ಇನ್ನೂ ಶಾಲೆಯಲ್ಲಿದ್ದೆವು. ಆ ಅರ್ಥದಲ್ಲಿ ಅವರು ನಮ್ಮ ಕಾಲದವರೇ.

ಕಂಪ್ಲಿಯ ಹುಡುಗನ ಆಕ್ಷೇಪಣೆಗೆ ಇಲ್ಲಿ ಉತ್ತರ ಹುಡುಕಬೇಕು. ಹೆಬ್ಬಾರರು ಪ್ಯಾರಿಸ್ಸಿಗೆ ಹೋದದ್ದು ಮೂವತ್ತೆಂಟರ ಹರಯದ ಸುಮಾರಿಗೆ. ಅಷ್ಟರಲ್ಲಿ ಅವರ ಕೈ ಬಲಿತಿತ್ತು. ಕಲಾಶಾಲೆಯಲ್ಲಿ ಕಲಿತ ಪಾಶ್ಚಾತ್ಯ ವಿಧಾನ ತಮಗೆ ಸಾಲದೆಂದು ತೋರಿ ಅವರು ಅಜಂತೆಯ ಗೋಡೆಗಳನ್ನೂ ಜೈನರ ಹಸ್ತಪ್ರತಿಗಳ ಚಿತ್ರಗಳನ್ನೂ ರಾಜಪುತ್ರ ಶೈಲಿಯನ್ನೂ ನೋಡಿ ಕಲಿತಿದ್ದರು. ಚಿತ್ರದ ರೇಖೆಗೆ ಲಯ ಬರಬೇಕೆಂದು ಪಂಡಿತ ಸುಂದರಪ್ರಸಾದರ ಬಳಿ ಕಥಕ್ ನೃತ್ಯವನ್ನೂ ಅಭ್ಯಾಸಮಾಡಿದ್ದರೆಂಬುದು ಕೇಳಿದವರಿಗೆ ವಿಚಿತ್ರವೆನಿಸಬಹುದು. ಅವರ ರೇಖಾಚಿತ್ರಗಳನ್ನು ಒಮ್ಮೆ ನೋಡಿದರೆ ವಿಚಿತ್ರವೆನಿಸುವುದಿಲ್ಲ. ಕೆಲವೇ ಗೆರೆಗಳಲ್ಲಿ ಕುಣಿಯುವವಳ ಮೈ, ಹೊರೆ ಹೊತ್ತವನ ಬೆನ್ನು, ನೀರಿನ ಮೇಲಣ ದೋಣಿ ಮೂಡಿನಿಲ್ಲುತ್ತವೆ. ಅವನ್ನು ಹಾಡುವ ರೇಖೆಗಳೆಂದು ಜನರು ಕರೆದರು. ಛಾವಣಿಯ ಚಿತ್ರಗಾರನ ಬಲವೂ ರೇಖೆಯೇ ಅಲ್ಲವೆ? ಮನ್ಮಥನ ಬಿಲ್ಲನ್ನು ಬಾಗಿಸಿದ ಗೆರೆಗೂ ಹೆಬ್ಬಾರರ ಹಾಯಿಯನ್ನು ಬಾಗಿಸಿದ ಗೆರೆಗೂ ನಾವು ಒಂದು ನಂಟನ್ನು ಕಾಣುತ್ತೇವೆ.

ಹೆಬ್ಬಾರರು ಕಡಲನ್ನೊಂದೇ ಬರೆದವರಲ್ಲ; ಹಸಿದವರನ್ನೂ ದುಡಿಯುವವರನ್ನೂ ಹಬ್ಬಗಳನ್ನೂ ಬರೆದರು. ಆದರೆ ಬೆಸ್ತರೂ ದೋಣಿಗಳೂ ಮಳೆಯೂ ಸೂರ್ಯಚಂದ್ರರೂ ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮೊದಲ ಕಾಲದಲ್ಲಿ ಕೇರಳದ ಪ್ರವಾಸದ ಫಲವಾಗಿ ಬಂದ ಚಿತ್ರಗಳಲ್ಲಿ ಬಣ್ಣಗಳು ಸಮತಲವಾಗಿ, ಬಿಸಿಲಿನಲ್ಲಿ ಹಾಸಿದ ಬಟ್ಟೆಯಂತೆ, ಪ್ರಕಾಶಿಸುತ್ತವೆ. ಕಡೆಗಾಲದ ಚಿತ್ರಗಳಲ್ಲಿ ಬಣ್ಣ ದಪ್ಪವಾಗುತ್ತದೆ. ಮೇಲ್ಮೈ ಉಬ್ಬುತ್ತದೆ, ಒರಟಾಗುತ್ತದೆ. ಆಕೃತಿಗಳು ಕರಗಿ ಬೆಳಕು ಮತ್ತು ನೀರಿನ ವಿಸ್ತಾರವಷ್ಟೇ ಉಳಿದಂತೆ ತೋರುತ್ತದೆ. ಇದಕ್ಕೆ ಪ್ಯಾರಿಸ್ಸೊಂದೇ ಕಾರಣವೆನ್ನುವವರು ಆಷಾಢದಲ್ಲಿ ಮಲ್ಪೆಯ ದಡದಲ್ಲಿ ಒಂದು ಗಳಿಗೆ ನಿಲ್ಲಬೇಕು. ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ. ಹೊಸಪೇಟೆಯ ಸೀಮೆಯಲ್ಲಿ ಅದರ ಆರನೆಯ ಒಂದು ಪಾಲಿನಷ್ಟೂ ಬಂದರೆ ಪುಣ್ಯ. ಅಲ್ಲಿಯ ಗಾಳಿಯಲ್ಲಿ ತುಂಬಿದ ತೇವ ಬೆಳಕನ್ನು ಚೆದರಿಸಿ, ಬಾನಿಗೂ ಕಡಲಿಗೂ ನಡುವಣ ಗೆರೆಯನ್ನೇ ಅಳಿಸಿಬಿಡುತ್ತದೆ. ಇಲ್ಲಿಯ ಒಣ ಗಾಳಿಯಲ್ಲಿ ಬಂಡೆಯ ಅಂಚು ಚಾಕುವಿನಿಂದ ಕೊಯ್ದಂತೆ ಕಾಣುತ್ತದೆ. ಗೆರೆ ಅಳಿಸಿಹೋಗುವ ನಾಡಿನಲ್ಲಿ ಬಾಲ್ಯವನ್ನು ಕಳೆದವರು ಗೆರೆಯನ್ನೇ ಉಪಾಸನೆ ಮಾಡಿ, ಕಡೆಗೆ ಅದನ್ನು ಬೆಳಕಿನಲ್ಲಿ ಕರಗಲು ಬಿಟ್ಟರು. ಇದು ಪರರಿಂದ ತಂದ ಸಾಲವೆಂದು ನಮಗೆ ತೋರುವುದಿಲ್ಲ. ಉಪಕರಣ ಹೊರಗಿನದು, ನಿಜ. ನೀಲಿಯೂ ಹೊರಗಿನಿಂದ ಬಂದದ್ದೇ. ಹಾಗೆ ನೋಡಿದರೆ ವಿಜಯನಗರದ ಕುದುರೆಯೂ ಹೊರಗಿನಿಂದ ಬಂದದ್ದೇ. ಅದರ ಮೇಲೆ ಕುಳಿತ ಸವಾರನನ್ನು ಯಾರೂ ಪರಕೀಯನೆನ್ನಲಿಲ್ಲ.

ಹೀಗಾಗಿ ಇಬ್ಬರು ಹುಡುಗರಿಗೂ ನಾವು ಕೊಡಬಹುದಾದ ತೀರ್ಪು ಇಷ್ಟೆ. ಛಾವಣಿಯ ಚಿತ್ರಗಾರನಿಗೆ ಕಡಲು ಒಂದು ದಿಕ್ಕು, ಒಂದು ದೇವತೆ, ಒಂದು ಕಥೆಯ ತಾಣ; ಅರಸನಿಗೆ ಅದು ಬಿರುದು; ರೈತನಿಗೆ ಅದು ಕಾಲುವೆ. ಹೆಬ್ಬಾರರಿಗೆ ಅದು ಬೆಳಗ್ಗೆ ಎದ್ದರೆ ಕಾಣುವ ಕಡಲು. ಇವುಗಳಲ್ಲಿ ಯಾವುದನ್ನೂ ಸುಳ್ಳೆನ್ನಲಾಗದು. ಹಿಂದಿನದನ್ನು ಹೀಗಳೆದು ಇಂದಿನದನ್ನು ಮೆಚ್ಚಿದರೆ ಅರ್ಧ ಕಣ್ಣು ಹೋಗುತ್ತದೆ. ಇಂದಿನದನ್ನು ಪರಕೀಯವೆಂದು ತಳ್ಳಿದರೆ ಉಳಿದರ್ಧವೂ ಹೋಗುತ್ತದೆ. ನಾವು ಇಷ್ಟು ವರ್ಷ ಮೊದಲನೆಯ ತಪ್ಪನ್ನು ಮಾಡುತ್ತಿದ್ದೆವು. ಅದರ ಫಲ ಲಘುವಾದುದಲ್ಲ. ಕಾಣತಕ್ಕದ್ದು ಏನೂ ಇಲ್ಲವೆಂದು ಅಧ್ಯಾಪಕನು ಹೇಳಿದ ಛಾವಣಿಯನ್ನು ವಿದ್ಯಾರ್ಥಿಯು ಕತ್ತೆತ್ತಿ ನೋಡುವುದಿಲ್ಲ. ಜನ ನೋಡದ ಚಿತ್ರ ಮಸಿ, ತೇವ, ಬಾವಲಿಗಳ ಪಾಲಾದರೆ ಕೇಳುವವರಾರು? ಹಂಪೆ ೧೯೮೬ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ; ೨೦೨೧ರಲ್ಲಿ ಈ ಸೀಮೆ ವಿಜಯನಗರವೆಂಬ ಹೆಸರಿನ ಜಿಲ್ಲೆಯೇ ಆಯಿತು. ಪಟ್ಟಿಯೂ ಹೆಸರೂ ಕಾವಲು ಕಾಯಬಲ್ಲುವು. ನೋಡುವ ಕೆಲಸ ನಮ್ಮದೇ.

ಬುಕ್ಕಸಾಗರದ ಆ ಸಂಜೆಗೆ ಹಿಂದಿರುಗಿ ಮಾತನ್ನು ಮುಗಿಸುತ್ತೇವೆ. ನಾವು ಮೌನವಾಗಿದ್ದಾಗ ಪಡುವಣದ ಮೋಡಗಳು ಒಡೆದು ಬೆಳಕು ಅಡ್ಡಲಾಗಿ ಬಂತು. ನೀರು ನಿಂತ ಗದ್ದೆಗಳು ಒಂದೊಂದೂ ಆಕಾಶದ ಒಂದೊಂದು ತುಂಡನ್ನು ಹಿಡಿದುವು. ಬದುಗಳು ಕಪ್ಪು ಗೆರೆಗಳಾದುವು. ಬೆಳಗ್ಗೆ ಛಾವಣಿಯಲ್ಲಿ ಕಂಡ ಅರ್ಜುನನ ಕಥೆ ನಮಗೆ ನೆನಪಾಯಿತು: ಅವನು ಮೇಲಿನ ಮೀನನ್ನು ಹೊಡೆದದ್ದು ಕೆಳಗಣ ನೀರಿನಲ್ಲಿ ಅದರ ನೆರಳನ್ನು ನೋಡಿ. ಉಡುಪಿಯ ಹುಡುಗ ಪುಸ್ತಕವನ್ನು ಮುಚ್ಚಿ ಚೀಲಕ್ಕೆ ಹಾಕಿ, ಪೆನ್ಸಿಲನ್ನು ತೆಗೆದ. ಕಂಪ್ಲಿಯ ಹುಡುಗ ಅವನ ಪಕ್ಕದಲ್ಲಿ ಬದುವಿನ ಮೇಲೆ ಕುಳಿತು, ಯಾವ ಗದ್ದೆ ಯಾರದು, ಯಾವ ಕಾಲ್ವೆಯ ನೀರು ಎಲ್ಲಿಂದ ಬರುತ್ತದೆಂದು ಹೇಳತೊಡಗಿದ. ವೃದ್ಧ ರೈತರು ಬಗ್ಗಿ ಆ ಚಿತ್ರವನ್ನು ನೋಡಿ, “ನೀರು ಇನ್ನೂ ಸ್ವಲ್ಪ ಹೆಚ್ಚು ಹಾಕಪಾ, ಈ ವರ್ಷ ಛಲೋ ಬಂದೈತಿ” ಎಂದರು.

ಬರುವ ವರ್ಷದ ತರಗತಿಗೆ ನಾವು ನಮ್ಮ ಪಾಠದ ಟಿಪ್ಪಣಿಗಳನ್ನು ತಿದ್ದಿ ಬರೆದುಕೊಂಡಿದ್ದೇವೆ. ವಿದ್ಯಾರ್ಥಿಗಳನ್ನು ಮತ್ತೆ ವಿರೂಪಾಕ್ಷನ ರಂಗಮಂಟಪಕ್ಕೆ ಕರೆದೊಯ್ದಾಗ ಮೊದಲು ಅವರಿಗೆ ಪಶ್ಚಿಮ ದಿಕ್ಕನ್ನು ತೋರಿಸಬೇಕೆಂದಿದ್ದೇವೆ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ವೆಂಕಟಪ್ಪನವರ ಮಂಜಿಗೂ ಹೆಬ್ಬಾರರ ಬಣ್ಣಗಳಿಗೂ ಒಂದೇ ಸೂರಿನಡಿ ಎಡೆಯಿದೆ. ಕೇಳುತ್ತಿರುವ ತಾವೂ ಬಿಡುವಾದಾಗ ಎರಡು ಕಡೆಗೂ ಹೋಗಿ ನೋಡಬೇಕೆಂದು ಬಿನ್ನವಿಸಿಕೊಳ್ಳುತ್ತೇವೆ. ಆದರೆ ಹಂಪೆಗೆ ಮೊದಲು ಹೋಗಿರಿ.